ಹುಟ್ಟುಗುಣ ಸುಟ್ಟರೂ ಹೋಗದೇ? ಸಮಾಜವಾದದ ಬೇರು ಹುಡುಕುವವರಿಗೆ ಯಾವ ಪುಸ್ತಕ ಮೊದಲು

"ಸಮಾಜವಾದ ಎಲ್ಲಿಂದ ಬಂತು, ಅದಕ್ಕೂ ಭೌತವಾದಕ್ಕೂ ಏನು ನಂಟು ಅಂತ ಸರಿಯಾಗಿ ತಿಳಿಯಬೇಕು. ಯಾವುದರಿಂದ ಶುರು ಮಾಡಲಿ?" ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಕೇಳುವವರಿಗೆ ಆಗಲೇ ಸಲಹೆಗಳು ಸಿಕ್ಕಿರುತ್ತವೆ. ಒಬ್ಬರು ಮಾರ್ಕ್ಸ್-ಎಂಗೆಲ್ಸ್ ಬರೆದ ಕಮ್ಯುನಿಸ್ಟ್ ಪ್ರಣಾಳಿಕೆ ಸಾಕು ಅಂದಿರುತ್ತಾರೆ. ಇನ್ನೊಬ್ಬರು ಎಂಗೆಲ್ಸ್ ಬಿಟ್ಟರೆ ಬೇರೆ ದಾರಿಯಿಲ್ಲ ಅಂದಿರುತ್ತಾರೆ. ಮೂರನೆಯವರು "ನೇರವಾಗಿ ಮಾರ್ಕ್ಸ್‌ನ 'ಬಂಡವಾಳ'ಕ್ಕೇ ಕೈ ಹಾಕು" ಎಂದು ಹೆದರಿಸಿರುತ್ತಾರೆ. ಪಟ್ಟಿ ಬೆಳೆಯುತ್ತದೆ, ಓದು ಮಾತ್ರ ಶುರುವಾಗುವುದಿಲ್ಲ.

ನಾನೂ ತಪ್ಪು ಬಾಗಿಲಿನಿಂದ ಒಳಗೆ ಹೋದವನೇ. ನಮ್ಮ ಭಾನುವಾರದ ಓದುಕೂಟದಲ್ಲಿ ಗತಿತಾರ್ಕಿಕ ಭೌತವಾದದ (ಎಲ್ಲವೂ ಒಳಗಿನ ವೈರುಧ್ಯದಿಂದಲೇ ಬದಲಾಗುತ್ತದೆ ಎನ್ನುವ ವಾದ) ಒಂದು ಕೈಪಿಡಿ ಹಿಡಿದು ಕೂತೆವು. ಪರಿಮಾಣ ಹೆಚ್ಚಿ ಹೆಚ್ಚಿ ಗುಣವೇ ಬದಲಾಗುತ್ತದೆ ಎಂಬ ನಿಯಮಕ್ಕೆ ನೀರು ಕುದಿಯುವ ಉದಾಹರಣೆ. ಅದಾದ ಮೇಲೆ ಇನ್ನೊಂದು ನಿಯಮ, ಇನ್ನೊಂದು ಉದಾಹರಣೆ. ಮೂರನೇ ವಾರಕ್ಕೆ ಹನ್ನೊಂದು ಜನ ಇದ್ದವರು ನಾಲ್ಕಾದೆವು. ನೀರು ಕುದಿಯಿತು, ಸಮಾಜವಾದ ಬರಲಿಲ್ಲ. ಆ ಕೈಪಿಡಿಗಳನ್ನು ಈ ಹೋಲಿಕೆಗೇ ಸೇರಿಸಿಕೊಂಡಿಲ್ಲ. 1938ರಲ್ಲಿ ಸ್ಟಾಲಿನ್ ಹೆಸರಲ್ಲಿ ಬಂದ ಅಧ್ಯಾಯದಿಂದ ಹಿಡಿದು ಅದರ ಮೊಮ್ಮಕ್ಕಳವರೆಗೆ ಎಲ್ಲವೂ ಉತ್ತರ ಕೊಡುತ್ತವೆ, ಪ್ರಶ್ನೆ ಹೇಗೆ ಹುಟ್ಟಿತು ಎಂದು ಹೇಳುವುದಿಲ್ಲ.

ಪುಸ್ತಕಗಳಿಗೆ ಹೋಗುವ ಮೊದಲು ಪದದ ತಕರಾರೊಂದನ್ನು ಬಗೆಹರಿಸಿಕೊಳ್ಳಬೇಕು. "ಅವನು ಬಹಳ ಮೆಟೀರಿಯಲಿಸ್ಟಿಕ್" ಎಂದರೆ ನಮ್ಮಲ್ಲಿ ಕಾರು, ಬಂಗಲೆ, ಬಂಗಾರದ ಹುಚ್ಚು ಎಂದೇ ಅರ್ಥ. ಚಾರ್ವಾಕ ಎಂದರೆ ಸಾಲ ಮಾಡಿಯಾದರೂ ತುಪ್ಪ ಕುಡಿ ಎಂದವನು. ಆ ತುಪ್ಪದ ಮಾತು ನಮಗೆ ಬಂದಿರುವುದು ಚಾರ್ವಾಕರ ಕೈಯಿಂದಲ್ಲ, ಅವರನ್ನು ಖಂಡಿಸಿದವರ ಗ್ರಂಥಗಳಿಂದ. 14ನೇ ಶತಮಾನದಲ್ಲಿ ವಿಜಯನಗರದ ನೆರಳಿನಲ್ಲಿ ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕ ದರ್ಶನದಿಂದ. ಮೊದಲ ಮೆಟ್ಟಿಲಲ್ಲಿ ನಿಲ್ಲಿಸಿ ಮೇಲೆ ಹತ್ತಿಹೋಗುವುದಕ್ಕೆ. ಯುರೋಪಿನಲ್ಲೂ ಇದೇ ಕಥೆ. ಮನುಷ್ಯನೂ ಒಂದು ಯಂತ್ರ ಎಂದು ಬರೆದ ಲಾ ಮೆಟ್ರಿ 1751ರಲ್ಲಿ ಔತಣದಲ್ಲಿ ಹೊಟ್ಟೆಬಿರಿಯೆ ತಿಂದು ಕಾಯಿಲೆಬಿದ್ದು ಸತ್ತಾಗ, ವಿರೋಧಿಗಳಿಗೆ ಅದೇ ಪುರಾವೆಯಾಯಿತು. ಭೌತವಾದ ಎಂದರೆ ಹೊಟ್ಟೆಬಾಕತನ ಎಂದು ತಿಳಿಯುವ ಸಭ್ಯಸ್ಥರನ್ನು ಎಂಗೆಲ್ಸ್ 1886ರಲ್ಲಿ ಚೆನ್ನಾಗಿ ಲೇವಡಿ ಮಾಡಿದ್ದಾರೆ.

ಇಲ್ಲಿ ಬೇಕಾದ ಅರ್ಥ ಬೇರೆ. ಮನಸ್ಸು, ವಿಚಾರ, ನಡತೆ ಇವೆಲ್ಲ ಮೇಲಿನಿಂದ ಇಳಿದು ಬಂದವಲ್ಲ. ದೇಹದಿಂದ, ಇಂದ್ರಿಯಗಳಿಂದ, ಬದುಕುವ ಪರಿಸ್ಥಿತಿಯಿಂದ ಬಂದವು. ಇದು ಸಮಾಜವಾದಕ್ಕೆ ಹೇಗೆ ತಿರುಗುತ್ತದೆ? ನಮ್ಮ ಗಾದೆಯನ್ನೇ ತೆಗೆದುಕೊಳ್ಳಿ: ಹುಟ್ಟುಗುಣ ಸುಟ್ಟರೂ ಹೋಗದು. ಈ ಗಾದೆ ನಿಜವಾದರೆ ಬಡವ, ಕಳ್ಳ, ಕುಡುಕ ಎಲ್ಲರೂ ತಮ್ಮ ತಮ್ಮ ಗುಣದ ಫಲ ಉಣ್ಣುತ್ತಿದ್ದಾರೆ, ಸಮಾಜ ಮಾಡಬೇಕಾದ್ದೇನೂ ಇಲ್ಲ. ಸುಳ್ಳಾದರೆ? ಗುಣ ಹುಟ್ಟಿನಿಂದಲ್ಲ, ಬೆಳೆದ ಕೇರಿಯಿಂದ, ತಿಂದ ಅನ್ನದಿಂದ, ದುಡಿದ ಕಾರ್ಖಾನೆಯಿಂದ ಬಂದದ್ದಾದರೆ, ಕಳ್ಳನನ್ನು ದಂಡಿಸುವ ಬದಲು ಕೇರಿಯನ್ನು ಸರಿಮಾಡಬೇಕಾಗುತ್ತದೆ. 18ನೇ ಶತಮಾನದ ಫ್ರಾನ್ಸಿನ ಎಲ್ವೇಶಿಯಸ್, ಓಲ್ಬಾಕ್ ಮುಂತಾದ ಭೌತವಾದಿಗಳು ಗಾದೆಯ ಆ ಕೊಂಡಿ ಕಳಚಿದರು. ಮುಂದಿನ ತಲೆಮಾರು ಅದೇ ಜಾಗದಿಂದ ಸಮಾಜವಾದಕ್ಕೆ ಹೊರಟಿತು.

ಹಾಗಾಗಿ ನನ್ನ ಮೊದಲ ಅಳತೆಗೋಲು ಇದು: ಭೌತವಾದ ಸಮಾಜವಾದಕ್ಕೆ ತಿರುಗುವ ಈ ಕೀಲನ್ನು ಪುಸ್ತಕ ತೋರಿಸುತ್ತದೆಯೇ? ಭೌತವಾದವನ್ನು ಒಂದು ಕೋಣೆಯಲ್ಲಿ, ಸಮಾಜವಾದವನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿ ಬಿಡುವ ಪುಸ್ತಕ ಎಷ್ಟೇ ದೊಡ್ಡದಾದರೂ ಈ ಕೆಲಸಕ್ಕೆ ಬಾರದು. ಎರಡನೆಯದು, ಜರ್ಮನ್ ದಾರ್ಶನಿಕ ಹೆಗೆಲ್ ಓದಿರದವರಿಗೆ ದಕ್ಕುತ್ತದೆಯೇ. ಮೂರನೆಯದು, ತಾನು ಟೀಕಿಸುವವರ ಮಾತನ್ನು ನ್ಯಾಯವಾಗಿ ಹೇಳುತ್ತದೆಯೇ. ಆಮೇಲೆ ಸಮಯ. ದುಡ್ಡು ಇಲ್ಲಿ ದೊಡ್ಡ ಮಾತಲ್ಲ. ಇವುಗಳ ಇಂಗ್ಲಿಷ್ ಪಠ್ಯ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕನ್ನಡದಲ್ಲಿ ಸುಲಭವಾಗಿ ಕೈಗೆ ಬರುವುದು ಪ್ರಣಾಳಿಕೆ. ಉಳಿದವಕ್ಕೆ ಇಂಗ್ಲಿಷೇ ಎಂದು ಲೆಕ್ಕ ಹಾಕಿಕೊಳ್ಳಿ, ಕನ್ನಡ ಪ್ರತಿ ಕಣ್ಣಿಗೆ ಬಿದ್ದರೆ ಲಾಭ.

ಪ್ರಣಾಳಿಕೆ (1848)

ಮೊದಲ ಮುದ್ರಣ ಬರೇ 23 ಪುಟ. ಒಂದು ಸಂಜೆಯ ಓದು, ಭಾಷೆಯ ಕಾವು ಇಂದಿಗೂ ಆರಿಲ್ಲ. ಆದರೆ ನಮ್ಮ ಪ್ರಶ್ನೆಗೆ ಇದು ಅಷ್ಟಾಗಿ ಉತ್ತರಿಸುವುದಿಲ್ಲ. ಬದುಕಿನ ಸ್ಥಿತಿ ಬದಲಾದಂತೆ ಮನುಷ್ಯನ ಪ್ರಜ್ಞೆಯೂ ಬದಲಾಗುತ್ತದೆ ಎಂದು ನಡುವೆ ಒಂದೆಡೆ ಹೇಳಿ, ಇದು ತಿಳಿಯಲು ಆಳವಾದ ಬುದ್ಧಿ ಬೇಕೇ ಎಂದು ಕೇಳಿ ಮುಂದೆ ಹೋಗುತ್ತದೆ. ಹಿಂದಿನ ಸಮಾಜವಾದಿಗಳ ವಿಷಯ ಮೂರನೇ ಭಾಗದಲ್ಲಿದೆ. ಆ ಹೆಸರುಗಳು ಮೊದಲೇ ಗೊತ್ತಿರದವರು ಅಲ್ಲಿಗೆ ಬಂದಾಗ ಪುಟ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ. ಮಾರ್ಕ್ಸ್‌ವಾದ ಏನು ಹೇಳುತ್ತದೆ ಎಂದಷ್ಟೇ ತಿಳಿಯಬೇಕಿದ್ದರೆ ಇದೇ ಸಾಕು. ಎಲ್ಲಿಂದ ಬಂತು ಎಂದು ಕೇಳುವವರು ಇದನ್ನು ಎರಡನೆಯದಾಗಿ ಓದಿ.

ಎಂಗೆಲ್ಸ್: ಕಾಲ್ಪನಿಕ ಮತ್ತು ವೈಜ್ಞಾನಿಕ ಸಮಾಜವಾದ (1880)

ಹೆಚ್ಚಿನವರಿಗೆ ನಾನು ಮೊದಲು ಹೇಳುವುದು ಇದನ್ನೇ. ಡ್ಯೂರಿಂಗ್ ಎಂಬವರ ವಿರುದ್ಧ ಬರೆದ ದಪ್ಪ ಪುಸ್ತಕದಿಂದ ಮೂರು ಅಧ್ಯಾಯ ಆರಿಸಿ, ಪಾಲ್ ಲಫಾರ್ಗ್ ಅವರ ಫ್ರೆಂಚ್ ಅನುವಾದದಲ್ಲಿ 1880ರಲ್ಲಿ ಕಿರುಪುಸ್ತಕವಾಗಿ ತಂದದ್ದು. 1892ರ ಹೊತ್ತಿಗೆ ಹತ್ತು ಭಾಷೆಗಳಲ್ಲಿ ಓಡಾಡುತ್ತಿತ್ತು. ಪ್ರಣಾಳಿಕೆಯಾಗಲಿ ಬಂಡವಾಳವಾಗಲಿ ಇಷ್ಟು ಸಲ ಅನುವಾದವಾಗಿಲ್ಲ ಎಂದು ಎಂಗೆಲ್ಸ್ ತಾವೇ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಎರಡು ವಾರಾಂತ್ಯದ ಓದು.

ಮೊದಲ ಅಧ್ಯಾಯದಲ್ಲಿ ಮಾರ್ಕ್ಸ್‌ಗೂ ಹಿಂದಿನ ಸಮಾಜವಾದಿಗಳಾದ ಸೇಂಟ್ ಸೈಮನ್, ಫೂರಿಯೆ, ಓವೆನ್ ಮೂವರೂ ಮನುಷ್ಯರಾಗಿ ಎದುರಿಗೆ ಬರುತ್ತಾರೆ. ಎಂಗೆಲ್ಸ್ ಅವರನ್ನು ಕನಸುಗಾರರೆಂದು ತಳ್ಳಿಹಾಕುವುದಿಲ್ಲ, ಬಾಯಿತುಂಬ ಹೊಗಳುತ್ತಾರೆ. ಅದರಲ್ಲೂ ಓವೆನ್ ಭಾಗ ಕಥೆಯ ಹಾಗೆ ಓಡುತ್ತದೆ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿ ಕ್ಲೈಡ್ ನದಿಯ ದಡದ ಹತ್ತಿ ಗಿರಣಿ. 1800ರಿಂದ ಓವೆನ್ ಅದರ ಮೇಲ್ವಿಚಾರಕ, ಪಾಲುದಾರ. ಬೇರೆಡೆ ದಿನಕ್ಕೆ 13-14 ಗಂಟೆ ದುಡಿಸುತ್ತಿದ್ದಾಗ ಇಲ್ಲಿ ಹತ್ತೂವರೆ ಗಂಟೆ. ಹತ್ತಿ ಬರುವುದು ನಿಂತು ನಾಲ್ಕು ತಿಂಗಳು ಗಿರಣಿ ಮುಚ್ಚಿದಾಗಲೂ ಪೂರ್ತಿ ಕೂಲಿ. ಆಡುವ ಮಕ್ಕಳಿಗೆ ಶಾಲೆ. ಇಷ್ಟಾದರೂ ಗಿರಣಿಗೆ ನಷ್ಟವಾಗಲಿಲ್ಲ, ಲಾಭ ಏರಿತು.

ಆಮೇಲೆ ಓವೆನ್ ಹಾಕಿದ ಲೆಕ್ಕ ಬರುತ್ತದೆ. ನನಗೆ ಇಡೀ ಪುಸ್ತಕದ ಜೀವಾಳ ಅದೇ. ಇಲ್ಲಿರುವ 2,500 ಜನರಲ್ಲಿ ದುಡಿಯುವವರು ಒಂದು ದಿನಕ್ಕೆ ಉತ್ಪಾದಿಸುವಷ್ಟನ್ನು ಉತ್ಪಾದಿಸಲು ಅರ್ಧ ಶತಮಾನದ ಹಿಂದೆ 6,00,000 ಜನಸಂಖ್ಯೆಯ ದುಡಿಮೆ ಬೇಕಿತ್ತು. ಹಾಗಾದರೆ 2,500 ಜನ ಉಣ್ಣುವುದಕ್ಕೂ 6,00,000 ಜನ ಉಣ್ಣುತ್ತಿದ್ದುದಕ್ಕೂ ನಡುವಿನ ವ್ಯತ್ಯಾಸ ಎಲ್ಲಿಗೆ ಹೋಯಿತು? ಹೂಡಿದ ಬಂಡವಾಳಕ್ಕೆ ಶೇ. 5 ಬಡ್ಡಿ, ಅದರ ಮೇಲೆ 3,00,000 ಪೌಂಡ್‌ಗೂ ಹೆಚ್ಚು ಲಾಭ: ಮಾಲೀಕರ ಜೇಬಿಗೆ. ಒಬ್ಬ ಗಿರಣಿ ಮಾಲೀಕ ತನ್ನದೇ ಲೆಕ್ಕದ ಪುಸ್ತಕ ನೋಡಿ ಈ ಪ್ರಶ್ನೆಗೆ ಬಂದು ನಿಂತ.

ಇನ್ನು ಕೊರತೆ. ಎರಡನೇ ಅಧ್ಯಾಯ, ಗತಿತರ್ಕದ್ದು, ಮೊದಲ ಓದಿಗೆ ಒಣ. ಬಿಟ್ಟು ಮೂರನೆಯದಕ್ಕೆ ಹೋದರೆ ಆಕಾಶವೇನೂ ಬೀಳುವುದಿಲ್ಲ. ದೊಡ್ಡ ಆಕ್ಷೇಪ ಬೇರೆ: ಕಥೆ ಬಹಳ ನೇರವಾಗಿದೆ. ಮೊದಲು ಕಲ್ಪನೆ, ಆಮೇಲೆ ವಿಜ್ಞಾನ. ಸೇಂಟ್ ಸೈಮನ್ ಬರೆದ ಕೊನೆಯ ಪುಸ್ತಕ 1825ರ 'ಹೊಸ ಕ್ರೈಸ್ತಧರ್ಮ'. ಫೂರಿಯೆಗೆ ದಾರ್ಶನಿಕರೆಂದರೇ ಆಗುತ್ತಿರಲಿಲ್ಲ. ಮನುಷ್ಯನ ಆಸೆಗಳನ್ನು ದೇವರೇ ಲೆಕ್ಕಹಾಕಿ ಜೋಡಿಸಿದ್ದಾನೆ ಎಂಬುದು ಅವನ ನಂಬಿಕೆ. ಪ್ಯಾರಿಸ್ಸಿನ ಹೋಟೆಲಿನಲ್ಲಿ ಒಂದು ಸೇಬಿಗೆ 14 ಸೂ (ಫ್ರಾನ್ಸಿನ ಹಳೇ ಚಿಲ್ಲರೆ ನಾಣ್ಯ) ಕೊಡುವುದನ್ನು ನೋಡಿ, ಅದೇ ದುಡ್ಡಿಗೆ ನಮ್ಮೂರ ಕಡೆ ನೂರು ಸೇಬು ಬರುತ್ತದಲ್ಲ ಎಂದು ಬೆರಗಾಗಿ, ವ್ಯಾಪಾರದ ಮೋಸದ ಬಗ್ಗೆ ಯೋಚಿಸಲು ಹೊರಟವನು ಅವನು. ಬೈಬಲಿನ ಆದಾಮನ ಸೇಬು, ಗ್ರೀಕ್ ಪುರಾಣದ ಪ್ಯಾರಿಸನ ಸೇಬು, ನ್ಯೂಟನ್ನನ ಸೇಬಿನ ಸಾಲಿನಲ್ಲಿ ತನ್ನದು ನಾಲ್ಕನೆಯದು ಎಂದೂ ಸೇರಿಸುತ್ತಾನೆ. ಸಮಾಜವಾದಿಗಳೆಲ್ಲ ಭೌತವಾದಿಗಳಾಗಿರಲಿಲ್ಲ. ಭೌತವಾದಿಗಳೆಲ್ಲ ಸಮಾಜವಾದಿಗಳೂ ಅಲ್ಲ: ಓಲ್ಬಾಕ್ ಬ್ಯಾರನ್ ಪದವಿಯ ಸಿರಿವಂತ, ಇಂಗ್ಲೆಂಡಿನ ದಾರ್ಶನಿಕ ಹಾಬ್ಸ್ ರಾಜನ ಪಕ್ಷ. ಎಂಗೆಲ್ಸ್ ಹಿಡಿದು ಓದುವಾಗ ಇಷ್ಟು ನೆನಪಿರಲಿ.

ಓವೆನ್ ಅವರನ್ನೇ ಓದುವುದು (1813-16)

ಸಮಾಜದ ಹೊಸ ನೋಟದ ಬಗ್ಗೆ ಓವೆನ್ ಬರೆದ ನಾಲ್ಕು ಪ್ರಬಂಧಗಳು. ಬರವಣಿಗೆ ನೀರಸ, ಹೇಳಿದ್ದನ್ನೇ ಹೇಳುತ್ತಾರೆ. ಆದರೂ ನಮ್ಮ ಕೀಲು ಇಲ್ಲಿರುವಷ್ಟು ಬೆತ್ತಲಾಗಿ ಬೇರೆಲ್ಲೂ ಇಲ್ಲ. ಸರಿಯಾದ ಸಾಧನ ಬಳಸಿದರೆ ಯಾವ ಸಮುದಾಯಕ್ಕೆ ಬೇಕಾದರೂ ಎಂಥ ಗುಣವನ್ನಾದರೂ, ಅತಿ ಒಳ್ಳೆಯದರಿಂದ ಅತಿ ಕೆಟ್ಟದ್ದರವರೆಗೆ, ಕೊಡಬಹುದು ಎಂಬುದು ಅವರ ಮೂಲ ಸೂತ್ರ. ಹುಟ್ಟುಗುಣದ ಗಾದೆಗೆ ನೇರ ಉತ್ತರ. ಆದರೆ ವಾಕ್ಯದ ಬಾಲ ಗಮನಿಸಿ: ಆ ಸಾಧನಗಳು ಬಹುಪಾಲು ಇರುವುದು ಲೋಕವ್ಯವಹಾರದಲ್ಲಿ ಪ್ರಭಾವ ಉಳ್ಳವರ ಕೈಯಲ್ಲಿ ಎನ್ನುತ್ತಾರೆ.

ಇದು ಗಿರಣಿಯೊಳಗೆ ಹೇಗಿತ್ತು ಎಂದು ನೋಡಬೇಕಾದರೆ ಒಂದು ಮರದ ತುಂಡನ್ನು ನೋಡಬೇಕು. ಸುಮಾರು ಎರಡು ಇಂಚು ಉದ್ದ, ಒಂದಿಂಚು ಅಗಲ, ನಾಲ್ಕು ಮುಖ, ಕೊಕ್ಕೆಗೆ ನೇತುಹಾಕಲು ತುದಿಯಲ್ಲಿ ತಂತಿಯ ಕುಣಿಕೆ. ನಾಲ್ಕು ಮುಖಕ್ಕೆ ನಾಲ್ಕು ಬಣ್ಣ: ಕಪ್ಪು, ನೀಲಿ, ಹಳದಿ, ಬಿಳಿ. ಪ್ರತಿಯೊಬ್ಬ ಕೆಲಸಗಾರರ ಪಕ್ಕದಲ್ಲಿ ಇದು ನೇತಾಡುತ್ತಿತ್ತು. ನಿನ್ನೆಯ ನಡತೆ ಕೆಟ್ಟದ್ದಾಗಿದ್ದರೆ ಕಪ್ಪು ಮುಖ ಮುಂದೆ, ಸುಮಾರಾಗಿದ್ದರೆ ನೀಲಿ, ಚೆನ್ನಾಗಿದ್ದರೆ ಹಳದಿ, ಅತ್ಯುತ್ತಮವಾಗಿದ್ದರೆ ಬಿಳಿ. ಓವೆನ್ ಇದಕ್ಕೆ ಇಟ್ಟ ಹೆಸರು 'ಮೌನ ಉಸ್ತುವಾರಿ'. ಬೈಗುಳವಿಲ್ಲ, ಏಟಿಲ್ಲ, ಗಿರಣಿಯೊಳಗೆ ನಡೆದುಕೊಂಡು ಹೋಗುತ್ತಾ ಬಣ್ಣ ನೋಡಿದರೆ ಸಾಕಿತ್ತು ಎಂದು ಅವರು ಖುಷಿಯಿಂದ ಬರೆಯುತ್ತಾರೆ. ಆ ಕಾಲದ ಬೇರೆ ಗಿರಣಿಗಳಲ್ಲಿ ಮಕ್ಕಳಿಗೂ ಏಟು ಬೀಳುತ್ತಿದ್ದುದನ್ನು ನೆನೆದರೆ ಇದು ದೊಡ್ಡ ಹೆಜ್ಜೆಯೇ. ಆದರೆ ಓವೆನ್ ಅವರ ಪಕ್ಕದಲ್ಲಿ ಮರದ ತುಂಡು ನೇತುಹಾಕಿ ಬಣ್ಣ ತಿರುಗಿಸುವವರು ಯಾರು? "ಆ ಜನ ನನ್ನ ದಯೆಯಲ್ಲಿದ್ದ ಗುಲಾಮರು" ಎಂದು ಅವರೇ ಒಪ್ಪಿಕೊಂಡಿದ್ದಾರೆ ಎಂಬುದು ಅವರ ದೊಡ್ಡತನ. 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಅವರು ಕಟ್ಟಿದ ನ್ಯೂ ಹಾರ್ಮನಿ ಎಂಬ ಸಮುದಾಯ ಎರಡೇ ವರ್ಷದಲ್ಲಿ ಮುರಿದುಬಿತ್ತು.

ಇತಿಹಾಸ ಇಷ್ಟಪಡುವವರು, ಆಡಳಿತ, ಶಿಕ್ಷಣ, ಸಹಕಾರ ಸಂಘಗಳ ಕೆಲಸದಲ್ಲಿರುವವರು ಇಲ್ಲಿಂದ ಶುರು ಮಾಡಿದರೆ ಹೆಚ್ಚು ದಕ್ಕುತ್ತದೆ. ಸಿದ್ಧಾಂತ ಬೇಕೆನ್ನುವವರಿಗೆ ಬೇಸರವಾಗುತ್ತದೆ. ಗ್ಲಾಸ್ಗೋ ಕಡೆ ನೆಲೆಸಿದ ಕನ್ನಡಿಗರಿಗೆ ಮಾತ್ರ ಪುಸ್ತಕಕ್ಕಿಂತ ಒಳ್ಳೆಯ ದಾರಿಯಿದೆ: ನ್ಯೂ ಲ್ಯಾನಾರ್ಕ್ 2001ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಒಂದು ದಿನದಲ್ಲಿ ನೋಡಿ ಬರಬಹುದು.

ಮಾರ್ಕ್ಸ್: ಹನ್ನೊಂದು ಟಿಪ್ಪಣಿ, ಹತ್ತಾರು ಪುಟ (1845)

ಓವೆನ್ ಬಗ್ಗೆ ನಮಗೆ ಹುಟ್ಟಿದ ಅನುಮಾನ ಮಾರ್ಕ್ಸ್‌ಗೂ ಹುಟ್ಟಿತ್ತು. 1845ರಲ್ಲಿ ಬ್ರಸೆಲ್ಸ್‌ನಲ್ಲಿ ನೋಟುಪುಸ್ತಕದಲ್ಲಿ ಗೀಚಿಕೊಂಡ, ಜರ್ಮನ್ ಭೌತವಾದಿ ಫಾಯರ್‌ಬಾಕ್ ಕುರಿತ ಹನ್ನೊಂದು ಟಿಪ್ಪಣಿಗಳಲ್ಲಿ ಮೂರನೆಯದು ಅದೇ. ಪರಿಸ್ಥಿತಿಯೇ ಮನುಷ್ಯನನ್ನು ರೂಪಿಸುತ್ತದೆ ಎನ್ನುವ ಭೌತವಾದ ಒಂದನ್ನು ಮರೆಯುತ್ತದೆ: ಪರಿಸ್ಥಿತಿಯನ್ನು ಬದಲಿಸುವವರೂ ಮನುಷ್ಯರೇ, ಕಲಿಸುವವನೂ ಮೊದಲು ಕಲಿಯಬೇಕು. ಮರೆತರೆ ಸಮಾಜ ಎರಡು ಪಾಲಾಗುತ್ತದೆ, ಒಂದು ಪಾಲು ಇನ್ನೊಂದರ ತಲೆಯ ಮೇಲೆ ಕೂರುತ್ತದೆ. 1888ರಲ್ಲಿ ಇದನ್ನು ಮೊದಲು ಅಚ್ಚಿಗೆ ಕೊಟ್ಟಾಗ ಎಂಗೆಲ್ಸ್ ಆ ಜಾಗದಲ್ಲಿ 'ಉದಾಹರಣೆಗೆ ರಾಬರ್ಟ್ ಓವೆನ್' ಎಂದು ತಾವೇ ಸೇರಿಸಿದರು. ಎಲ್ಲರ ಬಾಯಲ್ಲಿರುವುದು ಹನ್ನೊಂದನೆಯ ಟಿಪ್ಪಣಿ. ನನ್ನನ್ನು ಕೇಳಿದರೆ ತೂಕ ಮೂರನೆಯದಕ್ಕೇ ಹೆಚ್ಚು.

ಓದಲು ಹತ್ತು ನಿಮಿಷ, ಅರಗಿಸಲು ವರ್ಷಗಳು. ಮೊದಲ ಪುಸ್ತಕವಾಗಿ ಕೊಟ್ಟರೆ ಒಗಟಿನಂತಿರುತ್ತದೆ. ಓವೆನ್ ಕಥೆ ಗೊತ್ತಿದ್ದು ಓದಿದರೆ ದೀಪ ಹಚ್ಚಿದ ಹಾಗೆ.

ಇದೇ ವರ್ಷ ಮಾರ್ಕ್ಸ್-ಎಂಗೆಲ್ಸ್ ಇಬ್ಬರ ಹೆಸರಲ್ಲಿ ಬಂದ 'ಪವಿತ್ರ ಕುಟುಂಬ'ದಲ್ಲಿ ಫ್ರೆಂಚ್ ಭೌತವಾದದ ಬಗ್ಗೆ ಒಂದು ಸಣ್ಣ ಭಾಗವಿದೆ. ಉಳಿದ ಪುಸ್ತಕ ಅಂದಿನ ಜರ್ಮನ್ ಜಗಳ, ಮುಟ್ಟಬೇಡಿ. ಆ ಭಾಗದಲ್ಲಿ ಮಾತ್ರ ದಾರ್ಶನಿಕರ ವಂಶವೃಕ್ಷ ಸ್ಪಷ್ಟವಾಗಿದೆ: ಡೆಕಾರ್ಟ್‌ನಿಂದ ಹೊರಟ ಒಂದು ಕವಲು ನಿಸರ್ಗವಿಜ್ಞಾನಕ್ಕೆ, ಲಾಕ್‌ನಿಂದ ಕೊಂಡಿಯಾಕ್, ಎಲ್ವೇಶಿಯಸ್ ಮೂಲಕ ಹರಿದ ಇನ್ನೊಂದು ನೇರವಾಗಿ ಸಮಾಜವಾದಕ್ಕೆ. ಅಪರಾಧಕ್ಕೆ ವ್ಯಕ್ತಿಯನ್ನು ದಂಡಿಸದೆ ಅದು ಹುಟ್ಟುವ ಜಾಗವನ್ನೇ ಇಲ್ಲವಾಗಿಸಬೇಕು ಎಂಬ ಮಾತು ಇಲ್ಲಿದೆ. ಒಂದು ತಮಾಷೆ: ಈ ವಂಶವೃಕ್ಷದ ಬಹುಭಾಗವನ್ನು ಮಾರ್ಕ್ಸ್ 1842ರಲ್ಲಿ ಬಂದಿದ್ದ ಶಾರ್ಲ್ ರೆನೂವಿಯೆ ಎಂಬವರ ಪಠ್ಯಪುಸ್ತಕದಿಂದ ಎತ್ತಿಕೊಂಡಿದ್ದಾರೆ ಎಂದು ವಿದ್ವಾಂಸರು ಸಾಲು ಸಾಲು ಹೋಲಿಸಿ ತೋರಿಸಿದ್ದಾರೆ. ಗಡಿಬಿಡಿಯಲ್ಲಿ ಬರೆಯುವ ಯಾವ ಪತ್ರಕರ್ತನಿಗೂ ಅರ್ಥವಾಗುವ ವಿಷಯ.

'ಜರ್ಮನ್ ಐಡಿಯಾಲಜಿ'ಯಿಂದ ಶುರು ಮಾಡಲೇ ಎಂದು ಕೇಳುವವರೂ ಇದ್ದಾರೆ. ಬೇಡ. ಲೇಖಕರಾದ ಮಾರ್ಕ್ಸ್-ಎಂಗೆಲ್ಸ್ ತಾವೇ ಇಲಿಗಳ ಹಲ್ಲಿಗೆ ಬಿಟ್ಟು ಎದ್ದುಹೋದ ಹಸ್ತಪ್ರತಿ ಅದು, ಪೂರ್ತಿಯಾಗಿ ಅಚ್ಚಾಗಿದ್ದು 1932ರಲ್ಲಿ. ಅದರ ಪ್ರಸಿದ್ಧ ಮೊದಲ ಅಧ್ಯಾಯವನ್ನು ಅಧ್ಯಾಯವಾಗಿ ಹೊಲಿದವರು 20ನೇ ಶತಮಾನದ ಸಂಪಾದಕರು.

ಎಂಗೆಲ್ಸ್: ಫಾಯರ್‌ಬಾಕ್ ಕುರಿತು (1886)

ದರ್ಶನಶಾಸ್ತ್ರದ ವಿದ್ಯಾರ್ಥಿಗಳಿಗೆ, ಅದ್ವೈತವೋ ವಿಶಿಷ್ಟಾದ್ವೈತವೋ ಓದಿ ವಾದದ ರುಚಿ ಗೊತ್ತಿರುವವರಿಗೆ ಇದು. ಮೊದಲು ಚೇತನವೋ ಮೊದಲು ನಿಸರ್ಗವೋ ಎಂಬ ಪ್ರಶ್ನೆಯ ಸುತ್ತ ಎಲ್ಲ ದರ್ಶನಗಳನ್ನೂ ಎರಡು ಪಾಳೆಯವಾಗಿ ನಿಲ್ಲಿಸುತ್ತದೆ. ಹೆಗೆಲ್‌ನಿಂದ ಹೊರಬಂದ ದಾರಿ ಚೆನ್ನಾಗಿ ಕಾಣುತ್ತದೆ, ಹೊಟ್ಟೆಬಾಕತನದ ಲೇವಡಿಯೂ ಇದರಲ್ಲೇ ಇದೆ. ಓವೆನ್, ಫೂರಿಯೆ ಕಡೆಗೆ ಮಾತ್ರ ತಿರುಗಿಯೂ ನೋಡುವುದಿಲ್ಲ. ಕೀಲಿನ ಒಂದೇ ಬದಿ.

ಪ್ಲೆಖಾನೋವ್ (1895)

ರಷ್ಯಾದ ಮಾರ್ಕ್ಸ್‌ವಾದಿ ಪ್ಲೆಖಾನೋವ್ ಬರೆದ, ನಮ್ಮ ಪ್ರಶ್ನೆಗೆ ಅಳತೆ ತೆಗೆದು ಹೊಲಿದಂಥ ಪುಸ್ತಕ ಇದು. ಇದನ್ನು ಮೊದಲು ಓದಿ ಎಂದು ಹೇಳಲು ಮಾತ್ರ ಧೈರ್ಯ ಬರುವುದಿಲ್ಲ. ಅಧ್ಯಾಯಗಳ ಸಾಲನ್ನೇ ನೋಡಿ: ಫ್ರೆಂಚ್ ಭೌತವಾದ, ಫ್ರೆಂಚ್ ಇತಿಹಾಸಕಾರರು, ಕಾಲ್ಪನಿಕ ಸಮಾಜವಾದಿಗಳು, ಜರ್ಮನ್ ಭಾವವಾದ (ಚೇತನವೇ ಮೊದಲು ಎನ್ನುವ ವಾದ), ಕೊನೆಗೆ ಆಧುನಿಕ ಭೌತವಾದ. ಪತ್ತೇದಾರಿ ಕಥೆಯ ಹಾಗೆ ಒಂದೇ ಪ್ರಶ್ನೆ ಹಿಡಿದು ಹೋಗುತ್ತಾರೆ. ಪರಿಸರ ಅಭಿಪ್ರಾಯವನ್ನು ರೂಪಿಸುತ್ತದೆ ಎಂದರು ಫ್ರೆಂಚರು. ಪರಿಸರವನ್ನು ರೂಪಿಸುವುದು ಯಾವುದು? ಕಾನೂನು. ಕಾನೂನನ್ನು? ಅಭಿಪ್ರಾಯ. ಬೀಜ ಮೊದಲೋ ವೃಕ್ಷ ಮೊದಲೋ ಎಂದು ಸುತ್ತುವ ಗಾಣದಿಂದ ಹೊರಬರಲು ಒಬ್ಬೊಬ್ಬರೂ ಹೇಗೆ ಒದ್ದಾಡಿದರು ಎಂಬುದೇ ಕಥೆ.

ತ್ಸಾರನ ಸೆನ್ಸಾರ್ ಕಣ್ಣು ತಪ್ಪಿಸಲು ಬೆಲ್ತೋವ್ ಎಂಬ ಸುಳ್ಳು ಹೆಸರಲ್ಲಿ, ಬೇಕೆಂದೇ ಒರಟಾದ ಶೀರ್ಷಿಕೆಯಲ್ಲಿ ಇದು ಪೀಟರ್ಸ್‌ಬರ್ಗಿನಲ್ಲಿ ಬಹಿರಂಗವಾಗಿ ಪ್ರಕಟವಾಯಿತು. ರಷ್ಯಾದ ಒಂದು ತಲೆಮಾರಿನ ಮಾರ್ಕ್ಸ್‌ವಾದಿಗಳು ಇದನ್ನು ಓದಿಯೇ ಬೆಳೆದರು ಎಂದವರು ಲೆನಿನ್. ತೊಡಕೆಂದರೆ, ನಡುನಡುವೆ ಮಿಖಾಯ್ಲೋವ್ಸ್ಕಿ ಮುಂತಾದ ಅಂದಿನ ರಷ್ಯನ್ ಎದುರಾಳಿಗಳೊಂದಿಗೆ ಪುಟಗಟ್ಟಲೆ ಜಟಾಪಟಿ. ಅದನ್ನು ಹಾರಿಸಿ. ಮೊದಲ ಮೂರು ಅಧ್ಯಾಯ ಬಿಡಬೇಡಿ. ಹುಡುಕುವಾಗ ಎರಡು ಹೆಸರು ನೆನಪಿಡಿ: ಇತಿಹಾಸದ ಏಕತತ್ವ ದೃಷ್ಟಿಯ ಬೆಳವಣಿಗೆ ಎಂಬ ಮೂಲ ಹೆಸರು ಒಂದು, 1947ರ ಇಂಗ್ಲಿಷ್ ಅನುವಾದಕ್ಕಿಟ್ಟ 'ಇನ್ ಡಿಫೆನ್ಸ್ ಆಫ್ ಮೆಟೀರಿಯಲಿಸಂ' ಇನ್ನೊಂದು. ಎರಡೂ ಒಂದೇ ಪುಸ್ತಕ. ನಾನು ತಿಳಿಯದೆ ಎರಡನ್ನೂ ಕೊಂಡಿದ್ದೇನೆ.

ಹಾಗಾದರೆ ನಿಮಗೆ ಯಾವುದು

ಕೈಯಲ್ಲಿ ಒಂದೇ ವಾರಾಂತ್ಯ ಇದ್ದರೆ ಎಂಗೆಲ್ಸ್ ಕಿರುಪುಸ್ತಕದ ಮೊದಲ ಅಧ್ಯಾಯ, ಅದರ ಬೆನ್ನಿಗೇ ಮಾರ್ಕ್ಸ್‌ನ ಮೂರನೇ ಟಿಪ್ಪಣಿ. ಇಷ್ಟರಲ್ಲೇ ಕೀಲು ಕಾಣುತ್ತದೆ. ಒಂದು ತಿಂಗಳು ಇದ್ದರೆ ಅದಕ್ಕೆ ಪ್ರಣಾಳಿಕೆ, 'ಪವಿತ್ರ ಕುಟುಂಬ'ದ ಆ ಭಾಗ. ಮೂರು ತಿಂಗಳು ಮತ್ತು ಹಟ ಇದ್ದರೆ ಪ್ಲೆಖಾನೋವ್. ಇಂಗ್ಲಿಷ್ ಕಷ್ಟವೆನಿಸಿದರೆ ಕನ್ನಡದ ಪ್ರಣಾಳಿಕೆಯನ್ನೇ ತೆಗೆದುಕೊಳ್ಳಿ, ಆದರೆ ಮೂರನೇ ಭಾಗವನ್ನು ಮೊದಲು ಓದಿ ಆಮೇಲೆ ಒಂದನೆಯದಕ್ಕೆ ಬನ್ನಿ. ಓದುಕೂಟ ನಡೆಸುವವರಿಗೆ ನಾನು ಈಗ ಕೊಡುವ ಸಲಹೆ ಓವೆನ್ ಲೆಕ್ಕ: ಆ 2,500 ಮತ್ತು 6,00,000 ಅಂಕಿಗಳನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ಕೂತುಬಿಡಿ. ನಮ್ಮಲ್ಲಿ ಅವತ್ತು ಚಹಾ ಆರಿಹೋಗುವವರೆಗೂ ಜಗಳ ನಡೆಯಿತು, ಮುಂದಿನ ವಾರ ಯಾರೂ ತಪ್ಪಿಸಲಿಲ್ಲ.

ಕಾಗದದ ಪುಸ್ತಕವೇ ಬೇಕು ಎನ್ನುವವರು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಮಾಸ್ಕೋದ ಪ್ರೋಗ್ರೆಸ್ ಪ್ರಕಾಶನದ 'ಆಯ್ದ ಕೃತಿಗಳು' ಕೇಳಿ. ಒಂದೇ ಸಂಪುಟದ ಇಂಗ್ಲಿಷ್ ಆವೃತ್ತಿಯಲ್ಲಿ ಪ್ರಣಾಳಿಕೆ, ಹನ್ನೊಂದು ಟಿಪ್ಪಣಿ, ಎಂಗೆಲ್ಸ್ ಅವರ ಎರಡೂ ಬರಹ ಒಟ್ಟಿಗೆ ಇವೆ. ಓವೆನ್, ಪ್ಲೆಖಾನೋವ್ ಅದರಲ್ಲಿಲ್ಲ. ಮೂರು ಸಂಪುಟದ ಸೆಟ್ ಕಂಡರೆ ಬಿಡಿಯಾಗಿ ಒಂದನ್ನೇ ಕೊಳ್ಳಬೇಡಿ: ಟಿಪ್ಪಣಿ, ಪ್ರಣಾಳಿಕೆ ಮೊದಲನೆಯದರಲ್ಲಿವೆ, ಎಂಗೆಲ್ಸ್ ಮೂರನೆಯದರಲ್ಲಿ.